ಹಾಲ್‌ಬೆಕ್‌ನ ಹೆಸರು ಕೂಗಿದ ಸಂಜೆ

"ಕೈಯಲ್ಲೇ ಬಾಚು ಕಣೇ, ಬೇವರ್ಸಿ. ಸಲಿಕೆ ಏನು ನಿಮ್ಮಪ್ಪ ತಂದಿಟ್ಟವ್ನಾ? ಅಪ್ಪ ಯಾರು ಅಂತ ಗೊತ್ತಿದ್ರೆ ತಾನೇ ತಂದಿಡಾಕೆ."

ಹಾಲ್‌ಬೆಕ್ ಕುರಿಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತು ಕಾಫಿ ಹೀರುತ್ತಿದ್ದ. ಒಳಗೆ ಜೊಲಿನಾ ಮಂಡಿಯೂರಿ ಕೂತು, ಕುರಿಗಳು ಚಳಿಗಾಲವಿಡೀ ತುಳಿದು ಹಲಗೆಯಂತೆ ಗಟ್ಟಿ ಮಾಡಿದ್ದ ಗೊಬ್ಬರವನ್ನು ಬರಿಗೈಯಲ್ಲಿ ಕಿತ್ತು ಬುಟ್ಟಿಗೆ ತುಂಬುತ್ತಿದ್ದಳು. ಹದಿನಾರರ ಹುಡುಗಿ. ಉಗುರಿನ ಬುಡದಲ್ಲಿ ರಕ್ತ ಒಸರಿ, ಗೊಬ್ಬರದ ಜೊತೆ ಸೇರಿ ಕಪ್ಪಗಾಗಿತ್ತು. ಹಿಂದಿನ ದಿನ ಸಿಟ್ಟಿನಲ್ಲಿ ಸಲಿಕೆಯನ್ನು ಗೋಡೆಗೆ ಎಸೆದದ್ದಕ್ಕೆ ಈ ಶಿಕ್ಷೆ. ಶಿಕ್ಷೆ ಅನ್ನುವ ಹಾಗಿಲ್ಲ ಬಿಡಿ. ಹಾಲ್‌ಬೆಕ್‌ನ ಬಾಯಲ್ಲಿ ಅದು 'ಮಣ್ಣಿನ ಪಾಠ'. ಊಟ ಕೊಡದಿದ್ದರೆ 'ಹಸಿವಿನ ಪಾಠ', ಕತ್ತಲಲ್ಲಿ ಕೂಡಿ ಹಾಕಿದರೆ 'ಮೌನದ ಪಾಠ'. ಹೆಸರಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಜರ್ಮನಿಯಲ್ಲಿ ಯಾರಿಗೂ ಬೇಡವಾದ ಮಕ್ಕಳನ್ನು ತಿದ್ದಿ ಕೊಡುತ್ತೇನೆಂದು ಒಪ್ಪಿಕೊಂಡು ಅವನು ಉತ್ತರ ರುಮೇನಿಯಾದ ಈ ಬೆಟ್ಟದೂರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಶಾಲೆಯ ಕಿಟಕಿಗೆ ಕಲ್ಲು ಹೊಡೆದವರು, ಅಂಗಡಿಯಲ್ಲಿ ಕದ್ದವರು, ಒಂದು ಮಕ್ಕಳ ಮನೆಯಿಂದ ಇನ್ನೊಂದಕ್ಕೆ ಓಡಿ ಓಡಿ ಹೆಸರು ಕೆಡಿಸಿಕೊಂಡವರು, ಇಂಥವರನ್ನೆಲ್ಲ ಅಲ್ಲಿನ ಮಕ್ಕಳ ಕಲ್ಯಾಣ ಕಚೇರಿಯವರು ಕಾರಿನಲ್ಲಿ ಕೂರಿಸಿ ಗಡಿಯ ಮೇಲೆ ಗಡಿ ದಾಟಿಸಿ ತಂದು ಇವನ ಗೇಟಿನೊಳಗೆ ಬಿಟ್ಟು ಹೋಗುತ್ತಿದ್ದರು. ಜೊಲಿನಾ ಕಲ್ಲಿದ್ದಲ ಗಣಿ ಮುಚ್ಚಿಹೋದ ಊರಿನವಳು. ತಾಯಿಯ ಗೆಳೆಯನ ತಲೆಗೆ ಬಾಟಲಿಯಿಂದ ಬಾರಿಸಿದ್ದು ಅವಳ ಅಪರಾಧ. ಯಾಕೆ ಬಾರಿಸಿದೆ ಅಂತ ಕಚೇರಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಆ ಗಂಡಸಿನ ತಲೆಗೆ ಎಷ್ಟು ಹೊಲಿಗೆ ಬಿತ್ತು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

"ನಾಳೆ ಕಚೇರಿ ಮೇಡಂ ಬತ್ತಾವ್ರೆ," ಹಾಲ್‌ಬೆಕ್ ಕಾಫಿಯ ಗಸಿಯನ್ನು ಅವಳ ಬುಟ್ಟಿಗೆ ಚೆಲ್ಲಿದ. "ಮಾರ್ವಿನ್ ಎಲ್ಲಿ ಅಂತ ಕೇಳಿದ್ರೆ ಏನಂತೀಯ?"

ಅವಳು ತಲೆ ಎತ್ತಲಿಲ್ಲ. ಅವನು ಬೂಟಿನ ತುದಿಯಿಂದ ಅವಳ ಪಕ್ಕೆಗೆ ಮೆಲ್ಲಗೆ ತಿವಿದ. ಗಾಯ ಆಗಬಾರದು, ನೋವಾಗಬೇಕು, ಆ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಮರ ಕಡಿಯೋರ ಜೊತೆ ಕಾಡಿಗೆ ಹೋಗವ್ನೆ. ಮೇಲ್ಗಡೆ ಹಿಮ ಬಿದ್ದು ದಾರಿ ಕಟ್ಟೈತೆ," ಅಂತ ಅವನು ಕಲಿಸಿದ್ದನ್ನು ಒಪ್ಪಿಸಿದಳು.

"ಆಂ. ಜಾಣೆ."

ಅವಳ ಹಾಗೇ ಜರ್ಮನಿಯಿಂದ ಬಂದಿದ್ದ ಹುಡುಗ ಮಾರ್ವಿನ್ ಯಾವ ಕಾಡಿಗೂ ಹೋಗಿರಲಿಲ್ಲ. ಮನೆಯ ಹಿಂದೆ, ದಿಬ್ಬವನ್ನು ಕೊರೆದು ಮಾಡಿದ ಆಲೂಗಡ್ಡೆಯ ನೆಲಮಾಳಿಗೆಯಲ್ಲಿದ್ದ. ಸೌದೆ ಸೀಳುವಾಗ ಕೊಡಲಿ ಜಾರಿ ಅವನ ಬಲಗೈಯ ಹೆಬ್ಬೆರಳ ಬುಡ ಸೀಳಿತ್ತು. ಹಾಲ್‌ಬೆಕ್‌ನ ಬಂಟ ಗ್ರಿಗೋರೆ ಗಾಯಕ್ಕೆ ಒಂದು ಹಳೇ ಬಟ್ಟೆ ಸುತ್ತಿ, ಇನ್ನೊಂದು ಕೈ ಐತಲ್ಲ, ನಡಿ ಕೆಲಸಕ್ಕೆ ಅಂದಿದ್ದ. ಮಾರ್ವಿನ್ ಆ ಇನ್ನೊಂದು ಕೈಯಿಂದಲೇ ಕೊಡಲಿ ಎತ್ತಿ ಯಜಮಾನನ ಕಾರಿನ ಗಾಜಿಗೆ ಬೀಸಿದ್ದ. ಅವತ್ತಿನಿಂದ ಅವನಿಗೆ ಮೌನದ ಪಾಠ ನಡೆಯುತ್ತಿತ್ತು. ತಪ್ಪಾಯ್ತು ಅಂತ ಕಾಲಿಗೆ ಬಿದ್ದರೆ ಡಾಕ್ಟರು, ಇಲ್ಲದಿದ್ದರೆ ಇಲ್ಲ ಅಂತ ಹಾಲ್‌ಬೆಕ್ ಹೇಳಿದ್ದ. ಮಾರ್ವಿನ್ ಅವನ ಮುಖಕ್ಕೆ ಉಗಿದಿದ್ದ.

ಮಧ್ಯಾಹ್ನ ಜೊಲಿನಾ ಮೆಕ್ಕೆಜೋಳದ ಮುದ್ದೆಯ ತಟ್ಟೆ ಹಿಡಿದು ನೆಲಮಾಳಿಗೆಯ ಹತ್ತಿರ ಹೋದಳು. ಓಕ್ ಮರದ ದಪ್ಪ ಬಾಗಿಲಿನ ಬುಡದಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಯಲ್ಲಿ ತಟ್ಟೆ ತಳ್ಳಿದಳು. ಮೊದಮೊದಲು ಮಾರ್ವಿನ್ ಆ ಕಿಂಡಿಯಿಂದಲೇ ತಮಾಷೆ ಮಾಡುತ್ತಿದ್ದ. ಬಲಗೈ ಹೋದ್ರೆ ಹೋಯ್ತು ಕಣೇ, ಎಡಗೈಲಿ ಕದಿಯೋದು ಕಲೀತೀನಿ, ಪೊಲೀಸ್ನೋರಿಗೆ ಬೆರಳಚ್ಚೂ ಸಿಗಾಕಿಲ್ಲ ಅಂದಿದ್ದ. ಈಗ ನೆನ್ನೆಯ ತಟ್ಟೆ ಹಾಗೇ ಇತ್ತು. ಕಿಂಡಿಯಿಂದ ಬಂದ ವಾಸನೆ ಕೊಳೆತ ಆಲೂಗಡ್ಡೆಯದಲ್ಲ ಅಂತ ಅವಳಿಗೆ ತಿಳಿಯಿತು. ಮಾರ್ವಿನ್, ಮಾರ್ವಿನ್ ಅಂತ ಪಿಸುಗುಟ್ಟಿದಳು. ಒಳಗಿನಿಂದ ಅವನು ಯಾರನ್ನೋ ಅಮ್ಮಾ ಅಂತ ಕರೆದ. ಅವನಿಗೆ ಅಮ್ಮ ಇರಲಿಲ್ಲ. ಇವನು ಇನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ ಅನ್ನುವುದು ಹೇಳಿಸಿಕೊಳ್ಳದೆಯೇ ಜೊಲಿನಾಗೆ ಗೊತ್ತಾಯಿತು.

ಆ ಮನೆಯಲ್ಲಿ ಹಾಲು ಕರೆದು, ಒಡೆದ ಹಾಲನ್ನು ಬಟ್ಟೆಯಲ್ಲಿ ಹಿಂಡಿ ಗಿಣ್ಣು ಕಟ್ಟುತ್ತಿದ್ದವಳು ಊರಿನ ಮುದುಕಿ ನಸ್ತಾಸಿಯಾ. ಮರಿ ಹಾಕುವ ಕುರಿಗಳ ಬಳಿ ಅವಳ ಜೊತೆ ಕೂತು ಕೂತೇ ಜೊಲಿನಾ ಊರಿನ ಭಾಷೆ ಕಲಿತಿದ್ದಳು. ಹಾಲ್‌ಬೆಕ್‌ಗೆ ಮಾತ್ರ ಹನ್ನೆರಡು ವರ್ಷದಲ್ಲಿ ಬಂದದ್ದು ತಾ, ಹೋಗು, ಎಷ್ಟು ಅನ್ನುವ ಮೂರೇ ಮಾತು. ಉಳಿದದ್ದಕ್ಕೆ ಗ್ರಿಗೋರೆಯ ನಾಲಿಗೆ ಇತ್ತು.

"ಅಜ್ಜಿ, ಅವನು ಸಾಯ್ತಾವ್ನೆ," ಅಂದಳು ಜೊಲಿನಾ.

ನಸ್ತಾಸಿಯಾ ಗಿಣ್ಣಿನ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. "ಗೊತ್ತು ಕಣ್ ಕೂಸೇ. ನಾನೇನ್ ಮಾಡ್ಲಿ? ಅರ್ಧ ಊರು ಇವನ ಅನ್ನ ತಿಂತದೆ. ನನ್ನ ಮಗಳು ಇಟಲೀಲಿ ಯಾರ್ದೋ ಮುದುಕರ ಉಚ್ಚೆ ಬಾಚ್ತಾವ್ಳೆ, ಇಲ್ಲಿ ಅವಳ ಮಕ್ಕಳ ಹೊಟ್ಟೆ ನಾನು ನೋಡ್ಬೇಕು."

"ಹಂಗಾರೆ ನೀನೂ ಅವನ ನಾಯೇ."

ಅಂಗಳದಲ್ಲಿ ಊರಿನ ಪಡ್ಡೆ ಹುಡುಗರು ಹಳೇ ಗಾಡಿ ಚಕ್ರಗಳಿಗೆ ಸುತ್ತಲು ಹುಲ್ಲು ಕೇಳಿಕೊಂಡು ಬಂದಿದ್ದರು. ಮಾತು ಬದಲಿಸುವವಳಂತೆ ಮುದುಕಿ ಆ ಚಕ್ರಗಳ ವಿಷಯ ತೆಗೆದಳು. ನಾಳೆ ಈಸ್ಟರಿನ ಉಪವಾಸಕ್ಕೆ ಮುಂಚಿನ ಕೊನೆಯ ಭಾನುವಾರ. ಹೊತ್ತು ಮುಳುಗುವಾಗ ಹುಡುಗರು ಊರ ಎರಡೂ ಬದಿಯ ಗುಡ್ಡ ಹತ್ತಿ, ಚಕ್ರಗಳಿಗೆ ಬೆಂಕಿ ಹಚ್ಚಿ ಉರುಳಿಸಿ, ಊರಿನವರ ಹುಳುಕನ್ನೆಲ್ಲ ಹೆಸರು ಹಿಡಿದು ಕೂಗುತ್ತಾರೆ. ಒಂದು ಗುಡ್ಡ ಕೂಗಿದ್ದನ್ನು ಎದುರು ಗುಡ್ಡ ಮೂರು ಸಲ ಒಪ್ಪಿ ಕೂಗಿದರೆ ಅದು ಊರಿನ ಮಾತು. ಕೂಗಿದವರನ್ನು ಯಾರೂ ಮುಟ್ಟುವಂತಿಲ್ಲ. ಹೆಸರು ಬಂದವನು ಮನೆಯ ಗೇಟು ತೆರೆದಿಟ್ಟು, ಸಾರಾಯಿ ಹಿಡಿದು ನಿಂತು, ಬಂದವರ ಬೈಗುಳ ತಿನ್ನಬೇಕು. ಹೋದ ವರ್ಷ ಪಾದ್ರಿಯೇ ನಿಂತಿದ್ದ; ಅರ್ಧ ಉರಿದ ಮೇಣದಬತ್ತಿ ಕರಗಿಸಿ ಮತ್ತೆ ಮಾರಿದ್ದ.

"ಗೇಟು ಹಾಕ್ಕಂಡ್ರೆ?"

"ಹಾಕ್ಕಂಡ ಅಂದ್ರೆ ಒಳಗೇನೋ ಐತೆ ಅಂತ್ಲೇ ಅರ್ಥ. ಗೇಟು ಕಿತ್ತು ಬಿಸಾಕಿ ಊರೇ ಒಳಿಕೆ ನುಗ್ತದೆ. ಯಾವ ಪೊಲೀಸೂ ಕೇಳಾಕಿಲ್ಲ, ಅವನೂ ಜೊತೆಗೇ ಬತ್ತಾನೆ."

ಜೊಲಿನಾ ಯಜಮಾನನ ಹೆಸರು ಯಾವಾಗಲಾದರೂ ಬಂದಿದೆಯಾ ಅಂತ ಕೇಳಿದಳು. ಹೊರಗಿನವರ ಹೆಸರು ಕೂಗುವ ಪದ್ಧತಿ ಇಲ್ಲ, ಅದೇನಿದ್ದರೂ ನಮ್ಮವರಿಗೆ ಮಾತ್ರ ಅಂದಳು ಮುದುಕಿ. ಅಷ್ಟಂದು, ಹಿಂಡುತ್ತಿದ್ದ ಕೈ ನಿಲ್ಲಿಸಿದಳು. ಹೋದ ಸುಗ್ಗಿಯಲ್ಲಿ ಹಾಲ್‌ಬೆಕ್ ತಾನಾಗಿಯೇ ಮೇಲೆ ಬಿದ್ದು ಗ್ರಿಗೋರೆಯ ಮಗುವಿನ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತು ಅವನಿಗೆ ನೆಂಟನಾಗಿದ್ದ. ಇನ್ನು ನಾನೂ ಈ ಊರಿನವನೇ ಅಂತ ಎಲ್ಲರಿಗೂ ಕುಡಿಸಿ ಕುಣಿದಿದ್ದ. ಊರಿನವರ ಹೊಲಗಳನ್ನು ತನ್ನ ಬೇಲಿಯೊಳಗೆ ಸೇರಿಸಿಕೊಳ್ಳಲು ಅವನಿಗೆ ಆ ನೆಂಟಸ್ತನ ಬೇಕಿತ್ತು.

"ಹಂಗಾದ್ರೆ ಈಗ ನಮ್ಮವ್ನೇ ಆದ," ಅಂದಳು ನಸ್ತಾಸಿಯಾ ಮೆಲ್ಲಗೆ. ಆಮೇಲೆ, ಹಾಗೆಲ್ಲ ಹುಡುಗಿಯರು ಕೂಗುವುದಿಲ್ಲ ಅಂತಲೂ ಸೇರಿಸಿದಳು.

ಮರುದಿನ ಬೆಳಿಗ್ಗೆ ಮೇಡಂ ಬಂದಳು. ಜರ್ಮನಿಯ ಕಚೇರಿಯ ತಪಾಸಣೆಯವಳು, ಓಸ್ಟರ್‌ಮನ್ ಅಂತ ಹೆಸರು. ಕೆಟ್ಟವಳೇನಲ್ಲ. ದಣಿದಿದ್ದಳು, ಬಸಿರು ಕುರಿಗಳನ್ನು ಕಂಡು ಕಣ್ಣರಳಿಸಿದಳು, ಕುರಿಮರಿಯನ್ನು ಎದೆಗೊತ್ತಿಕೊಂಡು ಫೋಟೋ ತೆಗೆಸಿಕೊಂಡಳು. ಜೊಲಿನಾಗೂ ಅವಳ ಜೊತೆಗಿದ್ದ ಇನ್ನಿಬ್ಬರು ಜರ್ಮನ್ ಹುಡುಗರಿಗೂ ಅವತ್ತು ಹೊಸ ಜಾಕೆಟ್ಟು, ಕೈಗೆ ಉಣ್ಣೆಯ ಗವಸು. ಗವಸು ಚಳಿಗಲ್ಲ, ಉಗುರು ಮುಚ್ಚಲು.

ಹಾಲ್‌ಬೆಕ್ ಫೋನಿನಲ್ಲಿ ಮಾತಾಡುತ್ತ ಆಚೆ ಹೋದಾಗ ಜೊಲಿನಾ ಮೇಡಮ್ಮಿನ ಬಳಿ ಸರಿದು ಗವಸು ಬಿಚ್ಚಿದಳು. ಮಾರ್ವಿನ್ ಹಿಂದಿನ ನೆಲಮಾಳಿಗೆಯಲ್ಲಿದ್ದಾನೆ, ಅವನ ಕೈ ಕೊಳೆಯುತ್ತಿದೆ, ಈಗಲೇ ಬನ್ನಿ, ತೋರಿಸುತ್ತೇನೆ ಅಂತ ಒಂದೇ ಉಸಿರಿಗೆ ಹೇಳಿದಳು. ಮೇಡಂ ಅವಳ ಬೆರಳುಗಳನ್ನು ನೋಡಿ, ಮುಖವನ್ನು ನೋಡಿ, ಸರಿ, ವಿಚಾರಿಸ್ತೀನಿ ಅಂದಳು. ವಿಚಾರಿಸಿದ್ದು ಯಾರನ್ನು? ಹಾಲ್‌ಬೆಕ್‌ನನ್ನೇ. ಬೆಕ್ಕನ್ನು ಕರೆದು ಹಾಲು ಕುಡಿದವರು ಯಾರಪ್ಪಾ ಅಂದ ಹಾಗಾಯಿತು.

ಊಟದ ಮೇಜಿನಲ್ಲಿ ಹುಳಿ ಎಲೆಕೋಸಿನ ಸಾರು ಹಬೆಯಾಡುತ್ತಿತ್ತು. ಹಾಲ್‌ಬೆಕ್ ಬಹಳ ಸಂಕಟಪಟ್ಟವನ ಮುಖ ಮಾಡಿಕೊಂಡು ಕೂತಿದ್ದ.

"ಜೊಲಿನಾ, ಎದ್ದು ನಿಲ್ಲಮ್ಮಾ," ಅಂದ. ಮೇಡಂ ಎದುರಿಗೆ ಅವನ ಮಾತೇ ಬೇರೆ. "ನಿನ್ನ ಮೇಲೆ ನನಗೆ ಕೋಪ ಇಲ್ಲ. ಸುಳ್ಳು ಹೇಳೋದು ನಿನ್ನ ಕಾಯಿಲೆ ಅಂತ ನಿಮ್ಮೂರಿನ ಡಾಕ್ಟರೇ ಬರೆದಿದ್ದಾರೆ. ಆದ್ರೆ ಮೇಡಂ ಅಷ್ಟು ದೂರದಿಂದ ಬಂದಿದ್ದಾರೆ. ಅವರ ಮನಸ್ಸು ನೋಯಿಸಿದೆಯಲ್ಲ, ಕ್ಷಮೆ ಕೇಳು."

"ಬೀಗದ ಕೈ ಕೊಡಿ. ಬಾಗಿಲು ತೆಗೆದು ನೋಡ್ಲಿ."

"ನೋಡಿದ್ರಾ ಮೇಡಂ?" ಅವನು ನಿಟ್ಟುಸಿರು ಬಿಟ್ಟ. "ಒಂದು ಸಲ ಇವರ ಹಟಕ್ಕೆ ಬಾಗಿಲು ತೆಗೆದ್ರೆ ಮುಗೀತು, ಆಮೇಲೆ ದಿನಾ ತೆಗೀಬೇಕು. ಬೇಕು ಅಂದ್ರೆ ತೆಗೀತೀನಿ. ನಿಮ್ಮಿಷ್ಟ."

ಮೇಡಂ ಚಮಚವನ್ನು ಸಾರಿನೊಳಗೆ ಆಡಿಸಿದಳು. ಕಿಟಕಿಯಾಚೆ ಹಿತ್ತಿಲಿಗೆ ಹೋಗುವ ದಾರಿ ಕಾಣುತ್ತಿತ್ತು. ಎದ್ದು ಹೋಗಿದ್ದರೆ ಸಾರು ಆರುವುದರೊಳಗೆ ತಿರುಗಿ ಬರಬಹುದಿತ್ತು. "ಅಷ್ಟೆಲ್ಲಾ ಬೇಡ," ಅಂದಳು. "ನಿಮ್ಮ ಮೇಲೆ ನಮಗೆ ನಂಬಿಕೆ ಇದೆ. ಜೊಲಿನಾ, ಕ್ಷಮೆ ಕೇಳೋದ್ರಿಂದ ಯಾರೂ ಚಿಕ್ಕೋರಾಗಲ್ಲ ಕಣಮ್ಮಾ."

ಜೊಲಿನಾ ಕ್ಷಮೆ ಕೇಳಿದಳು. ಕೇಳದಿದ್ದರೆ ಸಂಜೆ ಹಬ್ಬ ನೋಡಲು ತನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅವಳು ಕೂರುವಾಗ ಹಾಲ್‌ಬೆಕ್ ರೊಟ್ಟಿಯ ಬುಟ್ಟಿ ಚಾಚುವ ನೆವದಲ್ಲಿ ಬಾಗಿ, ನಾಳೆ ಈಯಮ್ಮ ಹೊಂಟೋಗ್ಲಿ, ನಿನ್ನೂ ಅವನ ಪಕ್ಕದಾಗೇ ಹೂಳ್ತೀನಿ ಅಂತ ಕಿವಿಯಲ್ಲಿ ಉಸುರಿದ.

ಸಂಜೆಗೆ ಗುಡ್ಡದ ನೆತ್ತಿಯಲ್ಲಿ ಬೆಂಕಿ ಎದ್ದಿತು. ಮೇಡಮ್ಮನ್ನೂ ಮಕ್ಕಳನ್ನೂ ಅಲ್ಲಿಗೆ ಕರೆತಂದಿದ್ದ ಹಾಲ್‌ಬೆಕ್, ಊರ ಪದ್ಧತಿ ಕಲಿಸುವುದೂ ತನ್ನ ಪಾಠಗಳಲ್ಲಿ ಒಂದು ಅಂತ ವಿವರಿಸುತ್ತಿದ್ದ. ಕೆಳಗೆ ಮನೆಗಳ ಮುಂದೆ ಜನ ತಲೆ ಎತ್ತಿ ನಿಂತಿದ್ದರು. ಎದುರು ಗುಡ್ಡದಲ್ಲೂ ಕಿಡಿ ಕಂಡಿತು. ಮೊದಲ ಚಕ್ರ ಉರಿಯುತ್ತ ಉರುಳಿತು.

"ಕೇಳ್ರಪ್ಪೋ, ಟೋಡೆರ್‌ಗೆ ನಲವತ್ತಾದ್ರೂ ಮದುವೆ ಇಲ್ಲ, ಯಾಕೆ?" ಅಂತ ಈ ಗುಡ್ಡ ಕೂಗಿತು.

"ಅವರವ್ವ ಇನ್ನೂ ಮೊಲೆ ಬಿಡಿಸಿಲ್ವಂತೆ!" ಅಂತ ಆ ಗುಡ್ಡ ಉತ್ತರ ಕೊಟ್ಟಿತು. ಊರೆಲ್ಲ ನಕ್ಕಿತು. ಹಾಲಿಗೆ ನೀರು ಬೆರೆಸುವವಳ ಹೆಸರು ಬಂತು, ಅಣ್ಣನ ಬೇಲಿ ಕದ್ದ ತಮ್ಮನ ಹೆಸರು ಬಂತು. ಮೇಡಂ ಏನಂತೆ ಏನಂತೆ ಅಂತ ಕೇಳಿದಳು. ಬೆಳೆ ಚೆನ್ನಾಗಿ ಬರಲಿ ಅಂತ ಬೇಡಿಕೊಳ್ತಿದ್ದಾರೆ ಅಂದ ಹಾಲ್‌ಬೆಕ್, ಬಲ್ಲವನ ಹಾಗೆ.

ಆಗ ಜೊಲಿನಾ ಹುಡುಗರನ್ನು ಸರಿಸಿ ಬೆಂಕಿಯ ಮುಂದೆ ನಿಂತಳು.

"ಕೇಳ್ರಪ್ಪೋ! ಗ್ರಿಗೋರೆಯ ನೆಂಟ ಹಾಲ್‌ಬೆಕ್ ತನ್ನ ನೆಲಮಾಳಿಗೇಲಿ ಏನು ಇಟ್ಟವ್ನೆ?"

ಹೆಣ್ಣುದನಿ ಕಣಿವೆಗೆ ಬಿದ್ದು ನಗು ನಿಂತುಹೋಯಿತು. ಎದುರು ಗುಡ್ಡದಿಂದ ಉತ್ತರ ಬರಲಿಲ್ಲ. ಗ್ರಿಗೋರೆ ಅವಳತ್ತ ನುಗ್ಗಿದ. ಒಬ್ಬ ಮುದುಕ ಅವನ ಕೊರಳಪಟ್ಟಿ ಹಿಡಿದು ನಿಲ್ಲಿಸಿ, ಕೂಗೋರನ್ನ ಮುಟ್ಟಿದ್ರೆ ಕೈ ಮುರೀತೀನಿ ಬೋಳಿಮಗನೇ ಅಂದ. ಆದರೆ ಅವಳ ಬೆಂಬಲಕ್ಕೂ ಯಾರೂ ಬಾಯಿ ತೆಗೆಯಲಿಲ್ಲ. ಕೆಳಗೆ ನಿಂತವರಲ್ಲಿ ಮುಕ್ಕಾಲು ಪಾಲು ಜನಕ್ಕೆ ನೆಲಮಾಳಿಗೆಯ ವಿಷಯ ಗೊತ್ತಿತ್ತು. ಅವನ ಸೌದೆ ಒಡೆದವರು, ಅವನ ಗಿಣ್ಣು ಸಾಗಿಸಿದವರು, ಅವನಿಗೆ ಕೋಣೆ ಬಾಡಿಗೆ ಕೊಟ್ಟವರು, ಎಲ್ಲರೂ ಬೆಂಕಿಯನ್ನೇ ನೋಡುತ್ತ ನಿಂತರು. ಜೊಲಿನಾ ಬೆಂಕಿಗೆ ಇನ್ನೂ ಹತ್ತಿರ ಸರಿದು, ಕೆಳಗಿನ ಮನೆಗಳತ್ತ ತಿರುಗಿ ಕೂಗಿದಳು.

"ಒಬ್ಬ ಹುಡುಗನ್ನ ಇಟ್ಟವ್ನೆ! ಮಾರ್ವಿನ್ ಅಂತ ಅವನ ಹೆಸರು! ಕೈ ಕೊಳೆತು ನಾರ್ತೈತೆ, ನಿಮ್ಮ ಮೂಗಿಗೆ ಬಡೀಲಿಲ್ವಾ? ಕಂಡೋರು ಒಬ್ಬರೂ ಇಲ್ವಾ ಈ ಊರಲ್ಲಿ?"

ಹುಲ್ಲು ಚಟಪಟ ಉರಿಯುವುದು ಮಾತ್ರ ಕೇಳುತ್ತಿತ್ತು.

"ನಾ ಕಂಡಿವ್ನಿ!"

ದನಿ ಎದುರು ಗುಡ್ಡದಿಂದ ಬಂದದ್ದಲ್ಲ. ಕೆಳಗೆ, ಹಾಲ್‌ಬೆಕ್‌ನ ಅಂಗಳದಿಂದಲೇ ಬಂತು. ಅಡುಗೆಗೆಂದು ಅಲ್ಲೇ ಉಳಿದಿದ್ದ ನಸ್ತಾಸಿಯಾ ಗಿಣ್ಣಿನ ಕೈ ಒರೆಸಿಕೊಳ್ಳದೆ ನಿಂತು, ಮುದಿ ಗಂಟಲು ಹರಿಯುವ ಹಾಗೆ ಕೂಗಿದಳು. "ದಿನಾ ಕಂಡಿವ್ನಿ! ಕಂಡೂ ಬಾಯಿ ಮುಚ್ಕಂಡಿದ್ದೆ, ನನ್ನ ಬಾಯಿಗೆ ಮಣ್ಣಾಕ!"

ಅಷ್ಟು ಸಾಕಾಯಿತು. ಎದುರು ಗುಡ್ಡ ಬಾಯಿ ಬಿಟ್ಟಿತು. ಹಾಲ್‌ಬೆಕ್! ಹಾಲ್‌ಬೆಕ್! ಹಾಲ್‌ಬೆಕ್! ಮೂರು ಸಲ ಒಪ್ಪಿ ಕೂಗಿದ ಹೆಸರು ಕಣಿವೆ ತುಂಬ ಸುತ್ತಿತು.

ಬೆಂಕಿಯಿಂದ ದೂರ ನಿಂತು, ಜೊಲಿನಾ ಕೂಗಿದ್ದನ್ನು ಹಬ್ಬದ ಆಟವೆಂದುಕೊಂಡಿದ್ದ ಹಾಲ್‌ಬೆಕ್‌ನ ಮುಖ ತನ್ನ ಹೆಸರು ಕೇಳಿ ಅರಳಿತು. "ಕೇಳಿದ್ರಾ ಮೇಡಂ, ನನ್ನ ಹೆಸರು. ಮರ್ಯಾದೆ ಕೊಡ್ತಿದ್ದಾರೆ," ಅಂದವನೇ ಟೋಪಿ ತೆಗೆದು ಎದುರು ಗುಡ್ಡಕ್ಕೆ ಬೀಸಿದ. ಗ್ರಿಗೋರೆ ಕೊರಳಪಟ್ಟಿ ಬಿಡಿಸಿಕೊಂಡು ಓಡಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಟೋಪಿ ಹಿಡಿದ ಕೈ ಮೇಲೆಯೇ ಉಳಿಯಿತು. ಆಮೇಲೆ ಅವನು ಮೇಡಮ್ಮನ್ನು ಅಲ್ಲೇ ಬಿಟ್ಟು, ಕೆಸರಿನಲ್ಲಿ ಜಾರುತ್ತ ಬೀಳುತ್ತ ಮನೆಗೆ ಓಡಿದ. ಓಡಿದವನು ಮಾಡಿದ ಮೊದಲ ಕೆಲಸವೆಂದರೆ ಗೇಟಿಗೆ ಸರಪಳಿ ಬಿಗಿದು ಬೀಗ ಹಾಕಿದ್ದು. ಗ್ರಿಗೋರೆ ಆ ಊರಿನವನು, ಬುದ್ಧಿವಂತ. ಕಾಡಿನ ದಾರಿ ಹಿಡಿದ.

ಊರು ಬಂತು. ಯಾರೂ ಕೂಗಾಡಲಿಲ್ಲ. ಹುಡುಗರು ಗೇಟಿನ ಅಡಿಗೆ ಹೆಗಲು ಕೊಟ್ಟು, ಕೀಲಿನಿಂದ ಎತ್ತಿ, ಚರಂಡಿಗೆ ಹಾಕಿದರು. ಜೊಲಿನಾ ಎಲ್ಲರಿಗಿಂತ ಮುಂದೆ ಹಿತ್ತಿಲಿಗೆ ಓಡಿದಳು. ನೆಲಮಾಳಿಗೆಯ ಬಾಗಿಲು ತೆರೆದಿತ್ತು. ಹಾಲ್‌ಬೆಕ್ ಮಾರ್ವಿನ್‌ನ ಕಂಕುಳಿಗೆ ಕೈ ಹಾಕಿ ಕಾರಿನತ್ತ ಎಳೆಯಲು ಹೆಣಗುತ್ತಿದ್ದ. ಹುಡುಗನ ಕಾಲುಗಳು ನೆಲಕ್ಕೆ ಊರುತ್ತಿರಲಿಲ್ಲ. ಕಂದೀಲಿನ ಬೆಳಕಿನಲ್ಲಿ ಜನ ಆ ಕೈಯನ್ನು ನೋಡಿದರು. ಮಣಿಕಟ್ಟಿನವರೆಗೂ ಕಪ್ಪಗಾಗಿತ್ತು, ಬೆರಳುಗಳು ಬೆರಳಿನ ಹಾಗಿರಲಿಲ್ಲ. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಮೇಡಂ ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು.

ಇಬ್ಬರು ಗಂಡಸರು ಮಾರ್ವಿನ್‌ನನ್ನು ಎತ್ತಿಕೊಂಡರು. ಅಂಗಡಿಯವನು ವ್ಯಾನು ತಂದ. ಕುರಿತೊಗಲಿನ ಮೇಲೆ ಮಲಗಿಸಿ, ನಸ್ತಾಸಿಯಾ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹತ್ತಿ ಕೂತಳು. ಉಸಿರೈತಾ ಅಂತ ಯಾರೋ ಕೇಳಿದರು. ಐತೆ, ಬೇಗ ಹೊಡಿ ಅಂದಳು ಮುದುಕಿ. ವ್ಯಾನು ಪಟ್ಟಣದ ಆಸ್ಪತ್ರೆಯ ದಾರಿ ಹಿಡಿಯಿತು.

ಉಳಿದವರು ಹಾಲ್‌ಬೆಕ್‌ನತ್ತ ತಿರುಗಿದರು. ಅವನಿಗೆ ಗೊತ್ತಿದ್ದ ಮೂರು ಮಾತಿನಲ್ಲಿ ಒಂದೂ ಆಗ ಕೆಲಸಕ್ಕೆ ಬರಲಿಲ್ಲ. ಗಂಡಸರು ಒಂದು ಹೆಜ್ಜೆ ಮುಂದಿಟ್ಟರೆ ಅವನು ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಹಿಂದೆ ಸರಿಯುತ್ತ, ತಾನು ಎಲ್ಲಿಗೆ ಸರಿಯುತ್ತಿದ್ದೇನೆಂದು ನೋಡದೆ, ನೆಲಮಾಳಿಗೆಯ ಮೆಟ್ಟಿಲಿಳಿದ. ಜೊಲಿನಾ ಬಾಗಿಲನ್ನು ದೂಡಿ ಅಗುಳಿ ಹಾಕಿದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಒಳಗಿನಿಂದ ಅವನು ಗುದ್ದತೊಡಗಿದ. ಮೊದಲು ಬೈದ, ಆಮೇಲೆ ಬೇಡಿಕೊಂಡ. ಆ ಗುದ್ದು ಬೆನ್ನಿಗೆ ತಾಗಿದಾಗಲೆಲ್ಲ ಜೊಲಿನಾಗೆ ಹಿತವಾಗುತ್ತಿತ್ತು. ಬದುಕಿನಲ್ಲಿ ಅಷ್ಟು ಹಿತವಾದದ್ದು ಅವಳಿಗೆ ಬೇರೊಂದು ನೆನಪಿರಲಿಲ್ಲ.

ಮೇಡಂ ಬಾಯಿ ಒರೆಸಿಕೊಂಡು ಬಂದಳು. ಆದರೂ ಕಚೇರಿಯ ಮಾತು ತಪ್ಪಿರಲಿಲ್ಲ. ಬಾಗಿಲು ತೆಗಿ, ಇದೆಲ್ಲ ಕಾನೂನು ಪ್ರಕಾರ ಆಗಬೇಕು, ನಾನೇ ವರದಿ ಕೊಡ್ತೀನಿ ಅಂದಳು. ನಾಳೆಯೇ ನಿನ್ನನ್ನು ಇಲ್ಲಿಂದ ಬಿಡಿಸಿ ಇನ್ನೊಂದು ಒಳ್ಳೇ ಜಾಗಕ್ಕೆ ಸೇರಿಸ್ತೀನಿ, ಪೋಲೆಂಡಿನಲ್ಲಿ ನಮ್ಮದೇ ಇಂಥದ್ದೊಂದು ತೋಟ ಇದೆ ಅಂತಲೂ ಹೇಳಿದಳು.

ಜೊಲಿನಾ ಅವಳನ್ನು ದಿಟ್ಟಿಸಿ ನೋಡಿದಳು.

"ನೀವು ತಪಾಸಣೆಗೆ ಮತ್ತೆ ಯಾವಾಗ ಬರೋದು ಮೇಡಂ?"

ಪ್ರಶ್ನೆ ಯಾಕೆಂದು ತಿಳಿಯದೆ ಮೇಡಂ ಅಭ್ಯಾಸಬಲದಿಂದ ಉತ್ತರ ಕೊಟ್ಟಳು. "ಆರು ತಿಂಗಳಿಗೊಂದು ಸಲ."

"ಆಗ ಬನ್ನಿ. ತೆಗೀತೀನಿ."

ಹಿತ್ತಿಲಿನಲ್ಲಿ ನಿಂತಿದ್ದ ಜನಕ್ಕೆ ಅವರ ಭಾಷೆ ತಿಳಿಯಲಿಲ್ಲ, ಯಾರೂ ಕೇಳಲೂ ಇಲ್ಲ. ಒಬ್ಬನು ಕಂದೀಲನ್ನು ಜೊಲಿನಾಳ ಪಕ್ಕದಲ್ಲಿಟ್ಟು ಅಲ್ಲೇ ಕೂತ. ಬಾಗಿಲು ತೆಗೆಯಲು ಒಬ್ಬರೂ ಮುಂದೆ ಬರಲಿಲ್ಲ.